ಗೋಂದು ಮೇಷ್ಟ್ರು

"ನಿಮ್ಮ ಚೀಟಿ ಪಕ್ಕದಲ್ಲೇ ನನ್ನದೊಂದು ಚೀಟಿ ಅಂಟಿಸ್ತೀನಿ ಸರ್. ನನ್ನ ಹೆಸರು ಹಾಕಿಯೇ ಅಂಟಿಸ್ತೀನಿ. ಪ್ರಬಂಧ ಒಪ್ಪಿಸಿದ ಮರುದಿನವೇ."

ಇಪ್ಪತ್ತೊಂದು ವರ್ಷಗಳ ಹಿಂದೆ, ಸಸ್ಯಶಾಸ್ತ್ರ ವಿಭಾಗದ ಒಣಗಿಡದ ಕೋಣೆಯಲ್ಲಿ ನಿಂತು ಅವಳು ಮೇಷ್ಟ್ರಿಗೆ ಹೀಗೆ ಮಾತು ಕೊಟ್ಟಿದ್ದಳು. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತ, "ಮೊದಲು ಪ್ರಬಂಧ ಮುಗೀಲಮ್ಮ. ಚೀಟಿಗೇನು ಅವಸರ" ಎಂದಿದ್ದರು.

ಒಣಗಿಡದ ಕೋಣೆಯೆಂದರೆ ಗೋಡೆಯುದ್ದಕ್ಕೂ ನಿಂತ ಹದಿನಾಲ್ಕು ಕಬ್ಬಿಣದ ಬೀರು, ನಡುವೆ ಎರಡು ಉದ್ದನೆಯ ಮೇಜು, ನುಸಿಗುಳಿಗೆಯ ಘಾಟು. ಬೀರುಗಳೊಳಗೆ ಮೂವತ್ತು ಸಾವಿರ ದಪ್ಪ ಹಾಳೆ. ಒಂದೊಂದು ಹಾಳೆಯ ಮೇಲೂ ಒಣಗಿಸಿ ಚಪ್ಪಟೆ ಮಾಡಿದ ಒಂದೊಂದು ಗಿಡ. ಮೂಲೆಯಲ್ಲಿ ಅದರ ಹೆಸರು, ಸಿಕ್ಕ ಜಾಗ, ತಾರೀಖು, ಕಿತ್ತವರು ಯಾರು ಎಂಬ ಚೀಟಿ. ಈ ಕೋಣೆಗೆ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಹಾಳೆಯಲ್ಲಿ ತಪ್ಪು ಕಂಡರೆ ಹಳೆಯ ಚೀಟಿಯನ್ನು ಕೀಳುವಂತಿಲ್ಲ, ಅದರ ಮೇಲೆ ಗೀಟು ಎಳೆಯುವಂತಿಲ್ಲ. ಪಕ್ಕದಲ್ಲಿ ಹೊಸ ಚೀಟಿ ಅಂಟಿಸಿ, ಸರಿ ಯಾವುದೆಂದು ಬರೆದು, ಕೆಳಗೆ ತನ್ನ ಹೆಸರನ್ನೂ ಅಂದಿನ ತಾರೀಖನ್ನೂ ಹಾಕಬೇಕು. "ಇಲ್ಲಿ ತಪ್ಪು ಮಾಡಿದವರು ಸಾಯ್ತಾರೆ, ತಪ್ಪು ಮಾತ್ರ ಸಾಯಲ್ಲ ಕಣ್ರಯ್ಯ" ಎಂದು ಮೇಷ್ಟ್ರು ಹೊಸ ವಿದ್ಯಾರ್ಥಿಗಳನ್ನು ಹೆದರಿಸುತ್ತಿದ್ದರು.

ಈಗ ಆ ಕೋಣೆಯ ಬೀಗದ ಕೈ ಅವಳ ಬಳಿ. ಹನ್ನೊಂದು ವರ್ಷದಿಂದ ವಿದ್ಯಾರ್ಥಿಗಳ ಬಾಯಲ್ಲಿ ಅವಳು 'ಬೀಗದ ಮೇಡಮ್'. ಬೇರೆಯವರ ತಪ್ಪುಗಳ ಪಕ್ಕದಲ್ಲಿ ಏನಿಲ್ಲವೆಂದರೂ ನಾಲ್ಕು ಸಾವಿರ ಚೀಟಿ ಅಂಟಿಸಿದ್ದಾಳೆ. ಆರನೇ ಬೀರುವಿನ ಮೂರನೇ ಅರೆಯಲ್ಲಿರುವ, ಮೇಷ್ಟ್ರ ಚೀಟಿ ಅಂಟಿಸಿದ ಆ ಒಂದು ಹಾಳೆ ಅವಳ ಮೇಜಿನಿಂದ ಹದಿಮೂರು ಹೆಜ್ಜೆ. ಹದಿಮೂರು ಎಂದು ಅವಳಿಗೆ ಗೊತ್ತಿರುವುದೇ, ಎಷ್ಟೋ ಸಲ ಹನ್ನೆರಡು ಹೆಜ್ಜೆ ನಡೆದು ವಾಪಸು ಬಂದದ್ದರಿಂದ.

ಮೇಷ್ಟ್ರು ತೀರಿಕೊಂಡ ಒಂಬತ್ತನೆಯ ದಿನ, ಮಂಗಳವಾರ, ವಿಭಾಗದ ಮುಖ್ಯಸ್ಥ ಕೋಣೆಗೆ ಬಂದ. ಅವನೂ ಮೇಷ್ಟ್ರ ಶಿಷ್ಯನೇ, ಅವಳಿಗಿಂತ ಆರು ವರ್ಷ ಚಿಕ್ಕವನು.

"ಶನಿವಾರ ಹನ್ನೊಂದಕ್ಕೆ ಸಭೆ ಮೇಡಮ್. ಮುಖ್ಯ ಮಾತು ನಿಮ್ಮದೇ. ಬರೀ ಅಳಿಸಿ ಕಳಿಸ್ಬೇಡಿ, ಆ ಗೋಂದಿನ ಕಥೆ ಒಂದು ಸೇರಿಸಿ. ಜನ ಸ್ವಲ್ಪ ನಗಲಿ. ಮೇಷ್ಟ್ರೂ ನಗೋರೇ ಅಲ್ವಾ?"

"ನೋಡೋಣ" ಎಂದಳು.

"ಇನ್ನೊಂದು. ಹಾಳೆ ಫೋಟೊ ತೆಗೆಯೋರು ಸೋಮವಾರ ಆರನೇ ಬೀರು ಹಿಡೀತಾರಂತೆ. ಒಂದ್ಸಲ ಫೋಟೊ ಇಂಟರ್ನೆಟ್ಟಿಗೆ ಹೋಯ್ತು ಅಂದ್ರೆ ಊರೂರಲ್ಲಿ ಕೂತು ನೋಡ್ತಾರೆ. ಚೀಟಿಗೀಟಿ ಅಂಟಿಸೋದಿದ್ರೆ ಅಷ್ಟರೊಳಗೆ ಅಂಟಿಸಿಬಿಡಿ."

ಅವನು ಏನೂ ತಿಳಿಯದೆ ಹೇಳಿದ ಮಾತು.

ಆ ಗೋಂದಿನ ಕಥೆ ವಿಭಾಗದಲ್ಲಿ ಎಲ್ಲರಿಗೂ ಬಾಯಿಪಾಠ. ಅದರ ಅರ್ಧ ಮಾತ್ರ.

ಅವಳು ಸಂಶೋಧನೆಗೆ ಸೇರಿದ ಎರಡನೇ ವರ್ಷ ಮೇಷ್ಟ್ರ ಹೆಂಡತಿ ಆಸ್ಪತ್ರೆ ಸೇರಿದರು. ಗಿಡ ಹುಡುಕಿ ತರುವ ಕೆಲಸ ಅವಳಿಗೂ ಅವಳ ಜೊತೆಗಾರ ಉದ್ದಣ್ಣನಿಗೂ ಬಿತ್ತು. ಆರಡಿ ಮೂರಂಗುಲ ಇದ್ದುದರಿಂದ ಎಲ್ಲರೂ ಅವನನ್ನು ಉದ್ದಣ್ಣ ಎಂದೇ ಕರೆಯುತ್ತಿದ್ದರು. ಕಲ್ಲುಗಣಿಯ ಪಕ್ಕದ ತೊರೆಯ ದಂಡೆಯಲ್ಲಿ ಇಬ್ಬರೂ ಒಂದು ದಿನವೆಲ್ಲ ಗಿಡ ಕಿತ್ತು ತಂದರು. ತಂದದ್ದನ್ನು ಹಳೆಯ ಪೇಪರಿನ ಮಡಿಕೆಗಳೊಳಗೆ ಹರಡಿ, ಮರದ ಚೌಕಟ್ಟಿನ ನಡುವೆ ಇಟ್ಟು, ಪಟ್ಟಿ ಬಿಗಿದು ಒತ್ತಿಡಬೇಕು. ದಿನಾ ಸಂಜೆ ಒದ್ದೆ ಪೇಪರು ತೆಗೆದು ಒಣಗಿದ್ದು ಹಾಕಬೇಕು. ಕೂಸಿನ ಬಟ್ಟೆ ಬದಲಾಯಿಸಿದ ಹಾಗೆ, ಬೇಸರ ಎನ್ನುವಂತಿಲ್ಲ. ಉದ್ದಣ್ಣ ಮರುದಿನವೇ ಊರಿಗೆ ಹೋದ. ಆಸ್ಪತ್ರೆಗೆ ಹೊರಟು ನಿಂತ ಮೇಷ್ಟ್ರು, "ಪೇಪರು ನಿನ್ನ ಜವಾಬ್ದಾರಿ ಕಣಮ್ಮ" ಎಂದರು. ಅವಳು ಒಂದು ಸಂಜೆ ಬದಲಾಯಿಸಿದಳು. ಆಮೇಲೆ ಗೆಳತಿಯ ಮನೆಗೆ ಹೋಗಿ ಮೂರು ದಿನ ನಿಂತಳು.

ಬಂದು ನೋಡಿದರೆ ನೀಲಿ ಹೂವಿನ ಗಿಡದ ಎಲೆಗಳೆಲ್ಲ ಬೂಸಲು ಹಿಡಿದು ಕಪ್ಪಾಗಿ, ಮುಟ್ಟಿದರೆ ಪುಡಿ. ಹೂವು ಮಾತ್ರ ನೆಟ್ಟಗಿತ್ತು. ಪಕ್ಕದ ಮಡಿಕೆಯಲ್ಲಿ ಇನ್ನೊಂದು ಗಿಡ, ಗರಗಸದ ಹಲ್ಲಿನಂಥ ಅಂಚಿನ ಎಲೆ, ಹೂವಿಲ್ಲ. ಎರಡೂ ಒಂದೇ ದಂಡೆಯವು, ಒಂದೇ ದಿನ ಕಿತ್ತವು. ಎರಡೂ ಒಂದೇ ಗಿಡವಿರಬೇಕು ಅಂದುಕೊಂಡಳು. ಅಂದುಕೊಂಡಳು ಎನ್ನುವುದೂ ಪೂರ್ತಿ ನಿಜವಲ್ಲ. ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತು. ಕೀಳುವಾಗಲೇ, ಬೇರೆ ಗಿಡವೆಂದು, ಎರಡಕ್ಕೂ ಬೇರೆ ಬೇರೆ ನಂಬರನ್ನು ಅವಳ ಕೈಯೇ ಬರೆದಿತ್ತು. ಇದರ ಎಲೆಯನ್ನು ಅದರ ಕಾಂಡಕ್ಕೆ ಒಂದು ಹನಿ ಗೋಂದು ಹಾಕಿ ಕೂಡಿಸಿದಳು.

ಒಂದೂವರೆ ತಿಂಗಳ ಮೇಲೆ, ಹೆಂಡತಿಯನ್ನು ಕಳೆದುಕೊಂಡ ಮೇಷ್ಟ್ರು ಕೆಲಸಕ್ಕೆ ಬಂದರು. ಒಂದು ವಾರ ಯಾರೊಡನೆಯೂ ಮಾತಿಲ್ಲ. ಎಂಟನೇ ದಿನ ಆ ಹಾಳೆಯ ಮೇಲೆ ಭೂತಗನ್ನಡಿ ಹಿಡಿದವರು ಅರ್ಧ ಗಂಟೆ ಕತ್ತು ಎತ್ತಲಿಲ್ಲ. ಎತ್ತಿದಾಗ ಮುಖದಲ್ಲಿ ಕಳೆ ಬಂದಿತ್ತು. "ಇಂಥ ಹೂವಿಗೆ ಇಂಥ ಎಲೆ ಎಲ್ಲೂ ಇಲ್ಲ ಕಣಮ್ಮ. ಇದು ಹೊಸದು." ಆ ಮುಖಕ್ಕೆ ಹೇಗೆ ಹೇಳುವುದು ಎಂದು ಅವಳು ಸುಮ್ಮನಾದಳು. ಆ ನೆಪ ಒಂದು ತಿಂಗಳಿಗೆ ಸಲ್ಲುತ್ತಿತ್ತೇನೋ, ಅವಳು ವರ್ಷಗಟ್ಟಲೆ ಎಳೆದಳು. ಇನ್ನೊಂದು ಗಿಡ ಸಿಗುತ್ತದೇನೋ ಎಂದು ಮೇಷ್ಟ್ರು ಗಣಿಯ ಕಡೆ ನಾಲ್ಕು ಸಲ ಹೋಗಿ ಬಂದರು. ಅಷ್ಟರಲ್ಲಿ ರಸ್ತೆ ಅಗಲ ಮಾಡುವವರು ದಂಡೆಯನ್ನೇ ಮುಚ್ಚಿದ್ದರು. ಕೊನೆಗೆ ಆ ಒಂದೇ ಹಾಳೆಯನ್ನು ನಂಬಿ ಬರೆದು ಪ್ರಕಟಿಸಿದರು. ಗಿಡಕ್ಕೆ ಮಗಳ ಹೆಸರಿಟ್ಟರು. ತಾಯಿಯಿಲ್ಲದ ಹತ್ತು ವರ್ಷದ ಹುಡುಗಿ, ಮನೆಯಲ್ಲಿ ಪುಟ್ಟಿ. ತನ್ನ ಹೆಸರಿನ ಗಿಡವಿದೆ ಎಂದು ಅವಳು ತರಗತಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಮೂರು ವರ್ಷದ ಮೇಲೆ ಹೊರಗಿನ ತಜ್ಞನೊಬ್ಬ ಹಾಳೆಯನ್ನು ತರಿಸಿಕೊಂಡು, ಎಲೆಯ ಬುಡವನ್ನು ಬಿಸಿನೀರಿನಲ್ಲಿ ನೆನೆಸಿದ. ಎಲೆ ಬಿಟ್ಟುಕೊಂಡಿತು. ಇದು ಒಂದು ಗಿಡವಲ್ಲ, ಎರಡು ಗಿಡಗಳನ್ನು ಗೋಂದಿನಲ್ಲಿ ಕೂಡಿಸಿದ್ದು ಎಂದು ಅರ್ಧ ಪುಟ ಬರೆದು ಅಚ್ಚು ಹಾಕಿಸಿದ. ಹಾಳೆ ಹಿಂತಿರುಗಿ ಬಂದ ದಿನ ಮೇಷ್ಟ್ರು ಅವಳನ್ನು ಕರೆಸಿ ಕೇಳಿದ್ದು ಒಂದೇ ಪ್ರಶ್ನೆ.

"ಗೋಂದು ನಿಂದಾ?"

"ಹೌದು ಸರ್."

ಅವರು ಬೈಯಲಿಲ್ಲ. ಬೈದಿದ್ದರೆ ಲೆಕ್ಕ ಅಲ್ಲಿಗೇ ಮುಗಿಯುತ್ತಿತ್ತೇನೋ. ಡ್ರಾಯರಿನಿಂದ ಒಂದು ಖಾಲಿ ಚೀಟಿ ತೆಗೆದು ಬರೆದರು: 'ಎಲೆಯನ್ನು ಗೋಂದಿನಿಂದ ಕೂಡಿಸಿದವನು ನಾನು.' ಸಹಿ, ತಾರೀಖು. ಮೂವತ್ತು ವರ್ಷದ ನೌಕರಿಯಲ್ಲಿ ಅವರು ಬರೆದ ಒಂದೇ ಒಂದು ಸುಳ್ಳು ಚೀಟಿ ಅದು.

"ಸರ್, ಇದೇನು ಮಾಡ್ತಿದೀರಿ?"

"ಇನ್ನು ನಾಲ್ಕು ತಿಂಗಳಿಗೆ ನಿನ್ನ ಪ್ರಬಂಧ. ಈಗ ನಿನ್ನ ಹೆಸರು ಬಂತು ಅಂದ್ರೆ ಪರೀಕ್ಷಕರು ನಿನ್ನ ಮುನ್ನೂರು ಹಾಳೇನೂ ನೀರಲ್ಲಿ ನೆನೆಸಿ ನೋಡ್ತಾರೆ. ನಾನು ಮುದುಕ, ನೆನೆದ್ರೂ ತಡೀತೀನಿ."

ಆಗಲೇ ಅವಳು ಆ ಮಾತು ಕೊಟ್ಟದ್ದು.

ಮೇಷ್ಟ್ರು ನೆನೆದದ್ದು ಸ್ವಲ್ಪವಲ್ಲ. ಮುಖ್ಯಸ್ಥರ ಸ್ಥಾನ ಅವರನ್ನು ದಾಟಿ ಇನ್ನೊಬ್ಬರಿಗೆ ಹೋಯಿತು. ಇಪ್ಪತ್ತು ವರ್ಷ ಕೂತು ಬರೆದ ಗಿಡಗಳ ದೊಡ್ಡ ಪುಸ್ತಕವನ್ನು 'ಹಾಳೆಗಳ ಮೇಲೆ ಅನುಮಾನವಿದೆ' ಎಂದು ಪ್ರಕಾಶನದವರು ವಾಪಸು ಕಳಿಸಿದರು. ಆಮೇಲೆ ಯಾರೂ ಅದನ್ನು ಕೇಳಲಿಲ್ಲ. ಹುಡುಗರು ಗೋಂದು ಮೇಷ್ಟ್ರು ಎಂದು ಹೆಸರಿಟ್ಟರು. ನಿವೃತ್ತಿಯ ದಿನ ಯಾವನೋ ಕಿಡಿಗೇಡಿ ಅವರ ಮೇಜಿನ ಮೇಲೆ ರಿಬ್ಬನ್ ಕಟ್ಟಿದ ಗೋಂದಿನ ಬಾಟಲಿ ಇಟ್ಟಿದ್ದ. ಮೇಷ್ಟ್ರು ಅದನ್ನು ಎತ್ತಿ ನೋಡಿ, "ಒಳ್ಳೇದಾಯ್ತು, ಮನೇಲಿ ಮುಗಿದಿತ್ತು" ಎಂದು ಚೀಲಕ್ಕೆ ಹಾಕಿಕೊಂಡರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ನಗದಿದ್ದರೆ ಯಾರಾದರೂ ಗಮನಿಸಿಯಾರು ಎಂದು ನಕ್ಕಳು.

ಚೀಟಿಗೆ ಮಾತ್ರ ಮರುದಿನ ಬರಲೇ ಇಲ್ಲ. ಪ್ರಬಂಧ ಒಪ್ಪಿಸಿದ ಮೇಲೆ ಸಂದರ್ಶನ ಮುಗಿಯಲಿ ಎಂದಳು. ಸಂದರ್ಶನ ಮುಗಿದ ಮೇಲೆ ಕೆಲಸ ಕಾಯಂ ಆಗಲಿ ಎಂದಳು. ಕಾಯಂ ಆಗುವಷ್ಟರಲ್ಲಿ ಮಡಿಲಲ್ಲಿ ಮಗಳು. ಕೂಸಿಗೆ ಹಲ್ಲು ಬರುವ ಕಾಲ, ಆಮೇಲೆ ಎರಡನೆಯವನು, ಅವನ ಉಬ್ಬಸ, ಬೆಳಗ್ಗೆ ಆರಕ್ಕೆ ಎದ್ದು ಮೂರು ಡಬ್ಬಿ ಕಟ್ಟಿ ಒಂದು ಕಾಲಿಗೆ ಚಪ್ಪಲಿ ಹಾಕುತ್ತ ಇನ್ನೊಂದು ಕಾಲಲ್ಲಿ ಬಸ್ಸು ಹಿಡಿಯುವ ವರ್ಷಗಳು. ದಣಿದವಳಿಗೆ ನೆಪ ಹುಡುಕಿಕೊಂಡು ಹೋಗುವ ಕಷ್ಟವಿಲ್ಲ, ಮನೆ ತುಂಬ ಬಿದ್ದಿರುತ್ತವೆ. ಆದರೆ ಒಂದು ಚೀಟಿಗೆ ಬೇಕಾದದ್ದು ಎರಡು ನಿಮಿಷ. ಅದು ಅವಳಿಗೆ ಗೊತ್ತಿತ್ತು.

ಆ ವರ್ಷಗಳಲ್ಲೂ ಮೇಷ್ಟ್ರು ಕೊಡುತ್ತಲೇ ಇದ್ದರು. ಅವಳ ಪ್ರಬಂಧವನ್ನು ಕೆಂಪು ಪೆನ್ಸಿಲು ಹಿಡಿದು ಐದು ಸಲ ತಿದ್ದಿದವರು ಅವರು. ಗಿಡ ಕೀಳುವ ಮೊದಲು ಅದರ ಮುಂದೆ ಐದು ನಿಮಿಷ ಸುಮ್ಮನೆ ಕೂರುವುದನ್ನು ಕಲಿಸಿದವರು ಅವರು. "ಹೆಸರು ಆಮೇಲೆ ಕೇಳು. ಮೊದಲು ಅದು ಹೇಗಿದೆ ನೋಡು." ಕೂಸನ್ನು ನೋಡಿಕೊಳ್ಳುವವರು ಬಾರದ ದಿನ ಅವಳು ಅದನ್ನು ಎತ್ತಿಕೊಂಡೇ ಕೆಲಸಕ್ಕೆ ಬಂದರೆ, ಅವಳು ಪಾಠ ಮುಗಿಸುವ ತನಕ ಮೇಷ್ಟ್ರು ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಲೆಗಳ ಲ್ಯಾಟಿನ್ ಹೆಸರು ಒಪ್ಪಿಸುತ್ತಿದ್ದರು. ಕೂಸು ನಿದ್ದೆ ಹೋಗುತ್ತಿತ್ತು. "ನೋಡಮ್ಮ, ಎಂ.ಎಸ್ಸಿ. ಹುಡುಗರಿಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ" ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಎರಡು ತಿಂಗಳಿಗೊಮ್ಮೆ ಅವಳು ಹಣ್ಣಿನ ಚೀಲ ಹಿಡಿದು ಅವರ ಮನೆಗೆ ಹೋಗುತ್ತಿದ್ದಳು. ಬೀರುಗಳಿಗೆ ಹುಳು ಬಿದ್ದಿಲ್ಲ ತಾನೆ, ನುಸಿಗುಳಿಗೆ ಹಾಕಿಸಿದೆಯಾ, ಇಷ್ಟೇ ವಿಚಾರಣೆ. ಚೀಟಿಯ ಮಾತನ್ನು ಅವರು ಒಂದೇ ಒಂದು ಸಲವೂ ಎತ್ತಲಿಲ್ಲ. ಎತ್ತಲಿಲ್ಲ ಎಂಬುದನ್ನೇ ಅವಳು ಮಾಫಿ ಎಂದು ಎಣಿಸಿದ್ದಳು.

ಗುರುವಾರ ಮಧ್ಯಾಹ್ನ ಸಭೆಗೆ ಫೋಟೊ ಕೇಳಲು ಮೇಷ್ಟ್ರ ಮನೆಗೆ ಹೋದಳು. ಪುಟ್ಟಿ ಈಗ ಮೂವತ್ತನಾಲ್ಕರ ಹೆಂಗಸು, ಆಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿಸಿ ಬಂದವಳು ಸಮವಸ್ತ್ರದಲ್ಲೇ ನೆಲದ ಮೇಲೆ ಕೂತು ಫೋಟೊಗಳನ್ನು ಹರಡಿದಳು.

"ಯಾವ್ದು ಕೊಡ್ಲಿ ಅಕ್ಕ? ಎಲ್ಲದ್ರಲ್ಲೂ ಅಪ್ಪ ಕಣ್ಣು ಮುಚ್ಕೊಂಡಿದಾರೆ. ಗಿಡ ನೋಡೋವಾಗ ಮಾತ್ರ ಬಿಡ್ತಿದ್ರು."

ಒಂದನ್ನು ಆರಿಸಿ ಕೈಗೆ ಕೊಡುವಾಗ ಪುಟ್ಟಿ ಅದನ್ನು ಬಿಡದೆ ಹಿಡಿದುಕೊಂಡಳು. "ಒಂದು ಮಾತು. ಸಭೇಲಿ ಆ ಗಿಡದ ವಿಷಯ ಬೇಡ."

"ಯಾವ..."

"ಗೊತ್ತಿಲ್ಲದೋರ ಹಾಗೆ ಕೇಳ್ತೀರಲ್ಲ. ನನ್ನ ಹೆಸರಿಂದು." ಪುಟ್ಟಿ ಫೋಟೊ ಬಿಟ್ಟಳು. "ನಗೋರು ಸಾಕಷ್ಟು ನಕ್ಕಾಯ್ತು. ಅಪ್ಪ ಎಂಥಾ ನಿಧಾನಸ್ಥರು, ಉಪ್ಪಿನ ಡಬ್ಬಿಗೂ ಚೀಟಿ ಅಂಟಿಸೋರು. ಅವರ ಕೈಯಲ್ಲಿ ಅದು ಹೇಗಾಯ್ತು ಅಂತ ನನಗೆ ಗೊತ್ತು ಅಕ್ಕ. ಅಮ್ಮ ಹೋದ ಹೊಸದು, ನಾನು ಮನೇಲಿ ಒಬ್ಬಳೇ ಇರಲ್ಲ ಅಂತ ದಿನಾ ಹಟ. ಫೋನ್ ಮಾಡಿ ಮಾಡಿ ಕರೆಸ್ತಿದ್ದೆ. ಕೆಲಸ ಅರ್ಧಕ್ಕೆ ಬಿಟ್ಟು ಓಡಿ ಬರೋರು. ಆ ಅವಸರದಲ್ಲಿ ಆಗಿದ್ದು ಅದು. ಒಂದ್ಸಲ ಕೇಳಿದ್ದೆ, ನನ್ನಿಂದ ಆಯ್ತಾ ಅಪ್ಪ ಅಂತ. ಛೆ, ನಿನ್ನಿಂದ ಏನೂ ಆಗಿಲ್ಲ ಅಂದ್ರು. ಅಪ್ಪ ಆದವರು ಇನ್ನೇನು ಅಂತಾರೆ?"

ಅವಳು ಹೇಳಬೇಕಾದದ್ದು ಎರಡು ಅಕ್ಷರ, 'ನಾನು' ಅಂತ. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಮಗನ ಶಾಲೆಯಿಂದ. ಹೊಟ್ಟೆನೋವಂತೆ, ಬಂದು ಕರೆದುಕೊಂಡು ಹೋಗಬೇಕಂತೆ.

"ಹೋಗಿ ಅಕ್ಕ, ಮಕ್ಕಳು ಮೊದಲು" ಎಂದು ಪುಟ್ಟಿ ಬಾಗಿಲ ತನಕ ಬಂದಳು.

ಮೆಟ್ಟಿಲಿಳಿಯುತ್ತ ಅವಳಿಗೆ ಮಗನ ಹೊಟ್ಟೆನೋವಿನ ಬಗ್ಗೆ ಮೊದಲು ಅನಿಸಿದ್ದು ನಿರಾಳ. ಆಮೇಲೆ ಗಾಬರಿ. ಆ ಕ್ರಮ ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಶುಕ್ರವಾರ ಸಂಜೆ ಒಗೆದ ಬಟ್ಟೆ ಮಡಿಸುತ್ತ ಭಾಷಣ ಕಟ್ಟಿದಳು. ಗಂಡ, "ಹತ್ತು ನಿಮಿಷ ಮೀರಿಸ್ಬೇಡ, ನಿನಗೆ ಗಂಟಲು ಕಟ್ಟತ್ತೆ" ಎಂದ. ಅವನಿಗೂ ಏನೂ ಗೊತ್ತಿರಲಿಲ್ಲ. ಪುಟ್ಟಿಯ ಎದೆಯ ಮೇಲಿನ ಆ ಭಾರ ಇಳಿಸಬೇಕು, ತನ್ನ ತಲೆಯ ಮೇಲೆ ಬರಬಾರದು. ಹದಿನೆಂಟು ಅಂಗಿ ಮಡಿಸುವಷ್ಟರಲ್ಲಿ ಅಂಥದೊಂದು ಉಪಾಯ ಹೊಳೆಯಿತು.

ಶನಿವಾರ ಹಳೆಯ ಪಾಠದ ಕೋಣೆಯಲ್ಲಿ ನಲವತ್ತು ಜನ ಸೇರಿದ್ದರು. ಪುಟ್ಟಿ ಮುಂದಿನ ಸಾಲಿನಲ್ಲಿದ್ದಳು. ಮಾತಿಗೆ ಎದ್ದ ಅವಳು ಕೆಂಪು ಪೆನ್ಸಿಲಿನ ಮಾತು ಹೇಳಿದಳು, ಕೂಸಿನ ಮಾತು ಹೇಳಿದಳು, ಜನ ನಕ್ಕರು. ಆಮೇಲೆ ಕಾಗದದಿಂದ ಕಣ್ಣೆತ್ತದೆ ಓದಿದಳು. "ಗೋಂದಿನ ಕಥೆ ನಿಮಗೆಲ್ಲ ಗೊತ್ತು. ಆದರೆ ಆ ಎಲೆಯನ್ನು ಅಂಟಿಸಿದ್ದು ಮೇಷ್ಟ್ರಲ್ಲ. ಒಬ್ಬ ವಿದ್ಯಾರ್ಥಿ. ಆ ವಿದ್ಯಾರ್ಥಿಯ ಬದುಕು ಹಾಳಾಗಬಾರದೆಂದು ಮೇಷ್ಟ್ರು ತಮ್ಮ ಮೇಲೆ ಹಾಕಿಕೊಂಡರು. ಇದನ್ನು ನಾನು ಬಲ್ಲೆ."

ಯಾರೋ ಚಪ್ಪಾಳೆ ಶುರುಮಾಡಿದರು, ಎಲ್ಲರೂ ತಟ್ಟಿದರು. ಕೆಲವರು ಕಣ್ಣೊರೆಸಿಕೊಂಡರು. ಹೊರಗೆ ಚಹಾದ ಮೇಜಿನ ಬಳಿ ಮುಖ್ಯಸ್ಥ ಅವಳ ಕೈ ಕುಲುಕಿ, "ಎಂಥಾ ವಿಷಯ ಮೇಡಮ್, ಇಷ್ಟು ವರ್ಷ ಹೊಟ್ಟೇಲಿ ಇಟ್ಕೊಂಡಿದ್ರಲ್ಲ. ದೊಡ್ಡ ಮನಸ್ಸು" ಎಂದ.

"ಯಾರಿರಬಹುದು ಆ ವಿದ್ಯಾರ್ಥಿ?" ಎಂದು ಇನ್ನೊಬ್ಬರು.

"ಇನ್ಯಾರು, ಉದ್ದಣ್ಣ. ಆಗ ಮೇಡಮ್ ಜೊತೆ ಗಿಡ ತರೋಕೆ ಹೋಗ್ತಿದ್ದೋನು ಅವನೇ ತಾನೆ? ಯಾವಾಗ್ಲೂ ಕಾಲಿಗೆ ಬೆಂಕಿ ಬಿದ್ದೋನ ಹಾಗೆ."

"ಅದಕ್ಕೇ ಅರ್ಧಕ್ಕೆ ಬಿಟ್ಟು ಹೋದ ಅನ್ನಿ. ಈಗ ಏನ್ಮಾಡ್ತಿದಾನೋ."

"ಎಲ್ಲೋ ಶಾಲೆ ಮೇಷ್ಟ್ರಂತೆ. ಮಕ್ಕಳಿಗೆ ಗೋಂದು ಹಚ್ಚೋದು ಕಲಿಸ್ತಿರಬೇಕು."

ಎಲ್ಲರೂ ನಕ್ಕರು. ಉದ್ದಣ್ಣ ಓದು ಬಿಟ್ಟದ್ದು ಅವನ ತಂದೆ ಹಾಸಿಗೆ ಹಿಡಿದರು ಎಂದು. ಅದು ಅವಳಿಗೆ ಗೊತ್ತು. ಬಾಯಿ ತೆರೆದಳು, ಚಹಾ ಕುಡಿದಳು. ಕಪ್ಪು ಖಾಲಿಯಾದ ಮೇಲೂ ಇನ್ನೊಂದು ಗುಟುಕು ಕುಡಿದಳು.

ಪುಟ್ಟಿ ಕೆಳಗೆ ಮೆಟ್ಟಿಲ ಬಳಿ ಕಾಯುತ್ತಿದ್ದಳು. ಅಪ್ಪನ ಫೋಟೊವನ್ನು ಎದೆಗೆ ಅವಚಿಕೊಂಡಿದ್ದಳು.

"ಅಕ್ಕ, ಉದ್ದಣ್ಣ ಅಂತಿದಾರೆ ಅಲ್ಲಿ."

"ಕೇಳಿಸ್ತು."

"ಉದ್ದಣ್ಣ ಅಪ್ಪಂಗೆ ವರ್ಷಕ್ಕೊಂದು ಕಾಗದ ಬರೀತಿದ್ದ. ಈ ಕೆಲಸ ಮಾಡಿದ್ದಿದ್ರೆ ಒಂದು ಕಾಗದದಲ್ಲಾದ್ರೂ ಹೇಳೋನು. ಅವನ ಹೊಟ್ಟೇಲಿ ಮಾತು ನಿಲ್ಲಲ್ಲ. ಉದ್ದಣ್ಣ ಅಲ್ಲ ಅಲ್ವಾ?"

"ಅಲ್ಲ."

"ಮತ್ಯಾರು?"

ಈ ಸಲ ಫೋನು ಹೊಡೆದುಕೊಳ್ಳಲಿಲ್ಲ.

"ನಾನು, ಪುಟ್ಟಿ."

ಪುಟ್ಟಿ ಅವಳನ್ನೇ ನೋಡಿದಳು. ರೋಗಿಯ ನಾಡಿ ಹಿಡಿದು ಗಡಿಯಾರ ನೋಡುವವರ ಮುಖದ ಹಾಗೆ ಅವಳ ಮುಖದಲ್ಲಿ ಏನೂ ಇರಲಿಲ್ಲ.

"ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಚೀಟಿ ಅಂಟಿಸ್ತೀನಿ ಅಂತ ಅವರಿಗೆ ಮಾತು ಕೊಟ್ಟಿದ್ದೆ."

"ಇಷ್ಟು ವರ್ಷ ಹಣ್ಣು ತಂದ್ರಿ, ಕೂತ್ರಿ, ಚಹಾ ಕುಡಿದ್ರಿ, ಹೋದ್ರಿ. ಮೊನ್ನೆ ನಾನು ಅಷ್ಟು ಹೇಳಿದೆ. ಆಗ್ಲೂ ಎದ್ದು ಹೋದ್ರಿ."

"ಹೌದು."

"ಇವತ್ತು ಚಪ್ಪಾಳೆ ಬೇರೆ."

ಅವಳು ತಲೆ ತಗ್ಗಿಸಿದಳು. ಕಾಲ ಬೆರಳುಗಳು ಕಂಡವು, ಚಪ್ಪಲಿಯ ಪಟ್ಟಿ ಬಿಟ್ಟುಕೊಂಡಿದ್ದು ಕಂಡಿತು.

"ಕ್ಷಮಿಸು ಅಂತ ಕೇಳೋಕೂ ನನಗೆ..."

"ಕೇಳಬೇಡಿ. ಕೇಳಿದ್ರೆ ನಾನು ಏನಾದ್ರೂ ಹೇಳಬೇಕಾಗತ್ತೆ." ಪುಟ್ಟಿ ಫೋಟೊವನ್ನು ಚೀಲದೊಳಗೆ ಇಟ್ಟುಕೊಂಡಳು. ಧ್ವನಿ ಏರಲಿಲ್ಲ. "ಚೀಟಿ ಅಂಟಿಸಿ, ಬಿಡಿ, ಅದು ನಿಮ್ಮ ಕೋಣೆ ವಿಷಯ. ನಮ್ಮನೆಗೆ ಮಾತ್ರ ಇನ್ನು ಬರಬೇಡಿ ಮೇಡಮ್."

ಎಂಟು ವರ್ಷದವಳಾಗಿದ್ದಾಗಿನಿಂದ ಅಕ್ಕ ಎಂದೇ ಕರೆದವಳು. ಮೇಡಮ್ ಎಂದದ್ದು ಅದೇ ಮೊದಲು.

ಸೋಮವಾರ ಬೆಳಗ್ಗೆ ಅವಳು ಮೊದಲು ಮುಖ್ಯಸ್ಥನ ಕೋಣೆಗೆ ಹೋಗಿ, ನಿಂತುಕೊಂಡೇ ಹೇಳಿದಳು. ಉದ್ದಣ್ಣನಲ್ಲ, ತಾನು ಎಂದು. ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ.

"ಯಾಕೆ ಮೇಡಮ್ ಈಗ ಇದೆಲ್ಲ? ಮೇಷ್ಟ್ರೂ ಇಲ್ಲ. ಬೇಕಿದ್ರೆ ಆ ಒಂದು ಹಾಳೆ ಫೋಟೊ ಮುಂದಕ್ಕೆ ಹಾಕಿಸ್ತೀನಿ. ಯೋಚನೆ ಮಾಡಿ."

"ಯೋಚನೆ ಮಾಡೋಕೆ ಸಾಕಷ್ಟು ಸಮಯ ಇತ್ತು" ಎಂದಳು. "ಶನಿವಾರ ಚಹಾ ಕುಡಿಯುವಾಗ ಅಲ್ಲಿದ್ದೋರಿಗೆಲ್ಲ ನೀವೇ ತಿಳಿಸ್ತೀರೋ, ನಾನು ಬರೆದು ಸೂಚನಾ ಫಲಕಕ್ಕೆ ಹಾಕ್ಲೋ?"

ಅವಳೇ ಬರೆದು ಹಾಕಿದಳು.

ಒಣಗಿಡದ ಕೋಣೆಯಲ್ಲಿ ಫೋಟೊದವನು ದೀಪಗಳನ್ನು ಜೋಡಿಸುತ್ತಿದ್ದ. ಆರನೇ ಬೀರು ತೆರೆದು ಹಾಳೆಯನ್ನು ಮೇಜಿನ ಮೇಲೆ ಹರಡಿದಳು. ನೀಲಿ ಹೂವು ಬಣ್ಣ ಕಳೆದು ಕಂದಾಗಿತ್ತು. ಮೇಷ್ಟ್ರ ಚೀಟಿಯ ಅಕ್ಷರ ಮಾತ್ರ ನಿನ್ನೆ ಬರೆದಂತಿತ್ತು. ಮೊದಲ ಚೀಟಿಯಲ್ಲಿ 'ಎಲೆಯನ್ನು ಕೂಡಿಸಿದವರು ಮೇಷ್ಟ್ರಲ್ಲ' ಎಂದು ಬರೆದು ಹರಿದಳು. ಎರಡನೆಯದರಲ್ಲಿ 'ವಿದ್ಯಾರ್ಥಿದೆಸೆಯಲ್ಲಿ, ಅರಿಯದೆ' ಎಂದು ಬರೆದು, 'ಅರಿಯದೆ' ಎಂಬಲ್ಲಿಗೆ ಬಂದಾಗ ಅದನ್ನೂ ಹರಿದಳು.

"ಮೇಡಮ್, ಇದು ತೆಗೀಲಾ?" ಎಂದು ಫೋಟೊದವನು ಕೇಳಿದ.

"ಒಂದು ನಿಮಿಷ. ಅಂಟು ಆರಲಿ."

ಮೂರನೆಯ ಚೀಟಿಯಲ್ಲಿ ಹೀಗಿತ್ತು: 'ಪಕ್ಕದ ಚೀಟಿಯಲ್ಲಿ ಬರೆದದ್ದು ನಿಜವಲ್ಲ. ಈ ಎಲೆ ಬೇರೆ ಗಿಡದ್ದೆಂದು ತಿಳಿದೂ ಕೂಡಿಸಿದವಳು ನಾನು.' ಕೆಳಗೆ ಅವಳ ಪೂರ್ತಿ ಹೆಸರು, ಅಂದಿನ ತಾರೀಖು.

ಕೊಟ್ಟ ಮಾತು ನಡೆಯಿತು, ಇಪ್ಪತ್ತೊಂದು ವರ್ಷ ತಡವಾಗಿ. ಮೇಷ್ಟ್ರು ತೀರಿಕೊಂಡು ಹದಿನೈದು ದಿನವಾಗಿತ್ತು.